ಅಣ್ಣನ ಬಚ್ಚಲುಮನೆ

ಫೆಬ್ರವರಿಯಲ್ಲಿ ಕೌನ್ಸಿಲ್ ಕಚೇರಿಯಿಂದ ಬಂದ ಕಾಗದವನ್ನು ಲೋಸಲಿನೆ ಮೂರು ಸಲ ಓದಿದಳು. ಮೊದಲ ಸಲ ನಿಂತುಕೊಂಡು, ಎರಡನೆಯ ಸಲ ಕೂತು, ಮೂರನೆಯ ಸಲ ಮಗಳು ಫಿಪೆಯ ಬಾಯಲ್ಲಿ ಓದಿಸಿ. ಮೂರು ಸಲವೂ ಅದು ಹೇಳಿದ್ದು ಒಂದೇ. ನಿಮ್ಮ ಹಿತ್ತಲಿನ ಗ್ಯಾರೇಜು ಕಾರು ನಿಲ್ಲಿಸಲು ಕಟ್ಟಿದ್ದು, ಅಲ್ಲಿ ಒಬ್ಬರು ಬಾಡಿಗೆಗೆ ವಾಸವಾಗಿರುವುದು ಕಂಡುಬಂದಿದೆ. ನವೆಂಬರ್ ಮುಗಿಯುವುದರೊಳಗೆ ಅದನ್ನು ನಿಯಮದಂತೆ ಎರಡನೆಯ ಮನೆಯಾಗಿ ಮಾರ್ಪಡಿಸಿ ಪರವಾನಗಿ ಪಡೆಯಬೇಕು, ಇಲ್ಲವಾದರೆ ಖಾಲಿ ಮಾಡಿಸಬೇಕು.

ಆ ಒಬ್ಬರು ಅಂದರೆ ಅವಳ ಅಣ್ಣ ಸೆಮಿಸಿ.

ದೂರು ಕೊಟ್ಟ ಪುಣ್ಯಾತ್ಮರು ಯಾರೆಂದು ಗೊತ್ತಾಗಲಿಲ್ಲ. ಟೊಂಗಾದಿಂದ ವಲಸೆ ಬಂದವರೇ ತುಂಬಿದ ಮಾಂಗೆರೆಯ ಆ ಬೀದಿಯಲ್ಲಿ ಗ್ಯಾರೇಜಿನೊಳಗೆ ಕಾರು ಇಟ್ಟವರು ಯಾರಿದ್ದಾರೆ ಹೇಳಿ? ಕಾರುಗಳೆಲ್ಲ ಹುಲ್ಲಿನ ಮೇಲೆ. ಗ್ಯಾರೇಜಿನಲ್ಲಿ ಯಾರದೋ ಅಜ್ಜಿ, ಯಾರದೋ ಹೊಸ ಸೊಸೆ, ನಿನ್ನೆ ತಾನೇ ದ್ವೀಪದಿಂದ ಬಂದಿಳಿದ ಯಾರದೋ ತಮ್ಮ. ಹಾಗಿದ್ದೂ ಕಾಗದ ಬಂದದ್ದು ಇವಳೊಬ್ಬಳ ಮನೆಗೆ.

ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಲೋಸಲಿನೆಯ ಗಂಡ ತೀರಿಕೊಂಡ ಮೇಲೆ ತಾಯಿ ಮಗಳು ಇಬ್ಬರೇ. ಅಣ್ಣನನ್ನು ಒಳಗೆ ಕರೆದುಕೊಂಡರೆ ಕಾಗದದ ಕಾಟವೇ ಇರುತ್ತಿರಲಿಲ್ಲ ಎಂದು ಕೌನ್ಸಿಲ್‌ನವರು ಅಂದುಕೊಂಡಿರಬಹುದು. ಅವರಿಗೇನು ಗೊತ್ತು? ನಮ್ಮ ಟೊಂಗಾದವರಲ್ಲಿ ಬೆಳೆದ ಅಣ್ಣ-ತಂಗಿ ಒಂದೇ ಸೂರಿನಡಿ ಮಲಗುವುದಿಲ್ಲ. ಒಟ್ಟಿಗೆ ಕೂತು ಟೀವಿ ನೋಡುವುದಿಲ್ಲ. ಮೈ, ಹಾಸಿಗೆ, ಬಚ್ಚಲು ಇವುಗಳ ಮಾತು ಇಬ್ಬರ ನಡುವೆ ಸುಳಿಯಲೇಬಾರದು. ತಂಗಿ ಎಷ್ಟೇ ಚಿಕ್ಕವಳಾದರೂ ಅಣ್ಣನಿಗಿಂತ ಮೇಲಿನವಳು. ಅವನು ಅವಳನ್ನು ಬಹುವಚನದಲ್ಲೇ ಕರೆಯಬೇಕು, ಅವಳು ಹೇಳಿದ್ದಕ್ಕೆ ಇಲ್ಲ ಅನ್ನಬಾರದು. ಸೆಮಿಸಿಗೆ ಅರವತ್ತೆರಡು, ಲೋಸಲಿನೆಗೆ ಐವತ್ತೆಂಟು. ಇಷ್ಟು ವರ್ಷಗಳಲ್ಲಿ ಅವರು ಮುಖಕ್ಕೆ ಮುಖ ಕೊಟ್ಟು ಹತ್ತು ನಿಮಿಷ ಮಾತಾಡಿದ್ದು ಅಮ್ಮ ಸತ್ತಾಗ ಒಮ್ಮೆ.

ಹಾಗಂತ ಪ್ರೀತಿ ಇರಲಿಲ್ಲವೆಂದಲ್ಲ. ಭಾನುವಾರ ಚರ್ಚು ಮುಗಿಸಿ ಬಂದು ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿ ಬೇಯಿಸಿದರೆ ಮೊದಲ ಪೊಟ್ಟಣ ಗ್ಯಾರೇಜಿಗೆ ಹೋಗುತ್ತಿತ್ತು. ಅವನು ಮೀನು ಹಿಡಿದು ತಂದರೆ ದೊಡ್ಡದು ಅವಳ ಮೆಟ್ಟಿಲ ಮೇಲಿರುತ್ತಿತ್ತು. ಹಿತ್ತಲ ಮೂಲೆಯ ಹಳೆಯ ಶೆಡ್ಡಿನಲ್ಲಿ ಅವನ ಸ್ನಾನ. ಬೆಳಿಗ್ಗೆ ಆರಕ್ಕೆ ಅವನು ಅಲ್ಲಿಗೆ ಹೋಗುವಾಗ ಅವಳು ಅಡುಗೆಮನೆಯ ಪರದೆ ಎಳೆದುಬಿಡುತ್ತಿದ್ದಳು. ಬಟ್ಟೆ ಒಣಗಿಸುವ ತಂತಿ ಗ್ಯಾರೇಜಿನ ಕಿಟಕಿಯ ಎದುರಿಗಿತ್ತು. ಒಳಬಟ್ಟೆಗಳನ್ನು ಅವಳು ಆ ತಂತಿಯ ಮೇಲೆ ಒಂದು ದಿನವೂ ಹಾಕಿದವಳಲ್ಲ. ಬಾಡಿಗೆಯನ್ನು ಅವನು, ಬೇಡವೆನ್ನಲು ಅವಕಾಶವೇ ಕೊಡದೆ, ಪ್ರತಿ ವಾರ ಫಿಪೆಯ ಕೈಲಿ ಕೊಟ್ಟುಕಳಿಸುತ್ತಿದ್ದ. ಫಿಪೆಗೇನು, ಮಾಮನ ಮೇಲೆ ಎಲ್ಲ ಸಲಿಗೆ. ತಂಗಿಯ ಮಗಳು ಸೋದರಮಾವನ ತಟ್ಟೆಯಿಂದ ಮೀನು ಎತ್ತಿ ತಿನ್ನಬಹುದು, ಬೋಳುತಲೆಯನ್ನು ಆಡಿಕೊಳ್ಳಬಹುದು. ಆ ಮನೆಯ ಅಂಚೆಯೆಲ್ಲ ಅವಳೇ.

"ಮಾಮಂಗೆ ಕಾಗದ ತೋರಿಸ್ದೆ," ಎಂದಳು ಫಿಪೆ ವಾಪಸು ಬಂದು.

"ಏನಂದ?"

"'ನಿಮ್ಮಮ್ಮನವರಿಗೆ ತೊಂದ್ರೆ ಆಗೋದು ಬೇಡ, ನಾನು ವ್ಯಾನಲ್ಲೇ ಮಲಗ್ತೀನಿ' ಅಂತಿದ್ದಾರೆ."

"ವ್ಯಾನಲ್ಲಿ ಮಲಗ್ತಾನಂತೆ ವ್ಯಾನಲ್ಲಿ! ಸಕ್ಕರೆ ಕಾಯಿಲೆ, ಎರಡು ವರ್ಷದ ಹಿಂದೆ ಬಲಗಾಲಿನ ಬೆರಳು ತೆಗೆಸ್ಕೊಂಡಿದಾನೆ. ಮಾತಿಗೊಂದು ಮಿತಿ ಬೇಡ್ವಾ? ಪರವಾನಗಿ ತಗೊಳ್ತೀವಿ ಅಂತ ಹೇಳು. ಸರಿಯಾಗಿ ಮನೆ ಮಾಡೋಣ ಅಂತ ಹೇಳು."

ನಕ್ಷೆ ಬರೆಯುವ ಬ್ರೆಂಡನ್ ಬಂದದ್ದು ಏಪ್ರಿಲ್‌ನಲ್ಲಿ. ಕೆಂಪು ಕೂದಲಿನ, ಒಳ್ಳೆಯ ಮನಸ್ಸಿನ ಬಿಳಿಯ ಹುಡುಗ. ಗ್ಯಾರೇಜಿನ ಉದ್ದಗಲ ಅಳೆದ, ಬೇಲಿಗೆಷ್ಟು ದೂರ ಎಂದು ನೋಡಿದ, ನೆಲಕ್ಕೆ ತೇವ ಏರದ ಹಾಗೆ ಏನು ಮಾಡಬೇಕು, ಗೋಡೆಯೊಳಗೆ ಏನು ತುಂಬಬೇಕು ಎಲ್ಲ ಹೇಳಿದ. ಸೆಮಿಸಿ ಮೂವತ್ತು ವರ್ಷ ಮನೆ ಕಟ್ಟಿದವನು, ಲೈಸೆನ್ಸೂ ಇನ್ನೂ ಚಾಲ್ತಿಯಲ್ಲಿತ್ತು. ಕೆಲಸ ತಾನೇ ಮಾಡುತ್ತೇನೆ ಎಂದ. ಅವನು ಬಾಗಿಲ ಬಳಿ, ಇವಳು ತಂತಿಯ ಬಳಿ, ನಡುವೆ ಬ್ರೆಂಡನ್. ಎಲ್ಲ ಚೆನ್ನಾಗಿಯೇ ನಡೆದಿತ್ತು.

"ಇನ್ನು ಬಚ್ಚಲು," ಎಂದ ಬ್ರೆಂಡನ್, ಪೆನ್ಸಿಲ್ ಕಿವಿಯಿಂದ ತೆಗೆದು. "ಶವರ್ ಕೆಳಗೆ ಅಂಚಿರೋ ಪ್ಲಾಸ್ಟಿಕ್ ಟ್ರೇ ಇಡೋಣ್ವಾ, ಇಲ್ಲ ನೆಲಾನೇ ಸಮ ಮಾಡಿ ಪೂರ್ತಿ ಟೈಲ್ಸ್ ಹಾಕೋದಾ? ಸ್ನಾನ ಮಾಡೋರು ಹೇಳ್ಬೇಕಪ್ಪ ಇದನ್ನ. ನಿಮ್ಮಣ್ಣ ನಿಂತು ಮಾಡ್ತಾರಾ, ಕೂತು ಮಾಡ್ತಾರಾ?"

ಲೋಸಲಿನೆಯ ಕಿವಿ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಸೆಮಿಸಿ ತನ್ನ ಬೂಟನ್ನು ನೋಡಿದ, ವ್ಯಾನಿನ ಬಾಗಿಲು ಹಾಕಿಲ್ಲ ಎಂದು ಗೊಣಗಿ ಹೊರಟೇಹೋದ. ವ್ಯಾನಿನ ಬಾಗಿಲು ಹಾಕಿಯೇ ಇತ್ತು.

"ಎಲ್ಲರ ಮನೇಲೂ ಹಾಕೋ ಅಂಥದ್ದೇ ಹಾಕಿ," ಎಂದಳು ಲೋಸಲಿನೆ, ತಂತಿಯ ಮೇಲಿನ ದಿಂಬಿನ ಚೀಲಕ್ಕೆ.

"ಹಾಗಾದ್ರೆ ಟ್ರೇ."

"ಟ್ರೇನೇ."

ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. ನಕ್ಷೆಯಲ್ಲಿ ಟ್ರೇ ಬಂತು. ಜುಲೈ ತಿಂಗಳಲ್ಲಿ ಮುದ್ರೆ ಬಿದ್ದ ಪರವಾನಗಿಯಲ್ಲೂ ಅದೇ ಟ್ರೇ ಇತ್ತು.

ಇಲ್ಲೊಂದು ಮಾತು ಹೇಳಬೇಕು. ಲೋಸಲಿನೆಯ ಕೆಲಸ ವೃದ್ಧಾಶ್ರಮದಲ್ಲಿ. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ಎಂಟೊಂಬತ್ತು ಮುದುಕರಿಗೆ ಸ್ನಾನ ಮಾಡಿಸುವವಳು. ಬಿಳಿಯರು, ಚೀನಾದವರು, ಸಮೋವಾದವರು, ಯಾರ ಯಾರದೋ ಅಣ್ಣತಮ್ಮಂದಿರು. ಅವರನ್ನು ಎತ್ತಿ ಕೂರಿಸಿ, ಬೆನ್ನುಜ್ಜಿ, ಒರೆಸಿ, ಗದರಿಸಿ, ನಗಿಸಿ ಬರುತ್ತಿದ್ದಳು. ನೀರು ಎಷ್ಟು ಬಿಸಿ ಬೇಕು, ಕೂತು ಮಾಡ್ತೀರಾ ನಿಂತು ಮಾಡ್ತೀರಾ ಎಂದು ದಿನಾ ಕೇಳುವ ಬಾಯಿ ಅದು. ತನ್ನ ಒಡಹುಟ್ಟಿದವನ ವಿಷಯಕ್ಕೆ ಬಂದಾಗ ಆ ಬಾಯಿಗೇ ಬೀಗ ಬಿತ್ತು. ಮರ್ಯಾದೆ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅರ್ಧ ನಿಮಿಷವನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಸೆಮಿಸಿ ಕೆಲಸ ಮಾಡಿದ. ಕೊಳಾಯಿ, ಕರೆಂಟಿಗೆ ಲೈಸೆನ್ಸಿನವರು ಬಂದುಹೋದರು, ಉಳಿದದ್ದೆಲ್ಲ ಅವನೇ. ಬಲಗಾಲು ಎಳೆಯುತ್ತಿದ್ದ. ಬೆರಳು ತೆಗೆದ ಗಾಯ ಇನ್ನೂ ಮಾಗಿಲ್ಲವಾ ಎಂದು ಫಿಪೆ ಕೇಳಿದರೆ "ಚಳಿಗೆ ಹಿಡ್ಕೊಂಡಿದೆ" ಅನ್ನುತ್ತಿದ್ದ. ನೆಲ, ಗೋಡೆ ಎರಡರ ತಪಾಸಣೆಯೂ ಪಾಸಾಯಿತು. ಕೌನ್ಸಿಲ್ ಕಚೇರಿಯ ಗ್ಲೆನಿಸ್ ಎಂಬ ಇನ್ಸ್‌ಪೆಕ್ಟರಮ್ಮ ಬಂದು ಗೋಡೆ ತಟ್ಟಿ, ಇಂಥ ನೀಟಾದ ಕೆಲಸ ನೋಡಿ ಬಹಳ ದಿನವಾಯಿತು ಎಂದು ಹೊಗಳಿದ್ದಳು. ಆ ತಪಾಸಣೆ ಆದಮೇಲೆ ಬಚ್ಚಲಿನ ಬಾಗಿಲಿಗೆ ಮಾತ್ರ ಅವನು ಪ್ಲಾಸ್ಟಿಕ್ ಹಾಳೆ ಕಟ್ಟಿಬಿಟ್ಟಿದ್ದ. ಫಿಪೆಯನ್ನೂ ಒಳಗೆ ಬಿಡಲಿಲ್ಲ. ಲೋಸಲಿನೆಯಂತೂ ಆ ಕಡೆ ತಲೆ ಹಾಕುವ ಹಾಗೇ ಇರಲಿಲ್ಲ.

ಅಕ್ಟೋಬರಿನಲ್ಲಿ ಗ್ಲೆನಿಸ್ ಕೊನೆಯ ತಪಾಸಣೆಗೆ ಬಂದಳು. ಐದೇ ನಿಮಿಷಕ್ಕೆ ಹೊರಗೆ ಬಂದಳು. ಲೋಸಲಿನೆ ತಂತಿಯ ಬಳಿ ಕಾಯುತ್ತಿದ್ದಳು.

"ಟ್ರೇ ಎಲ್ರೀ?" ಎಂದಳು ಗ್ಲೆನಿಸ್. "ನಕ್ಷೆಯಲ್ಲಿ ಟ್ರೇ ಇದೆ. ಇಲ್ಲಿ ನೋಡಿದ್ರೆ ನೆಲ ಪೂರ್ತಿ ಟೈಲ್ಸ್. ಬಾಗಿಲು ನಕ್ಷೆಗಿಂತ ಒಂದು ಗೇಣು ಹೆಚ್ಚು ಅಗಲ ಆಗಿದೆ. ಟೈಲ್ಸ್ ಕೆಳಗೆ ನೀರು ತಡೆಯೋ ಪೊರೆ ಬಳಿದಿದಾರೋ ಇಲ್ವೋ ನನಗೆ ಹೇಗೆ ಗೊತ್ತಾಗ್ಬೇಕು? ಮುಚ್ಚೋಕೆ ಮುಂಚೆ ನನ್ನನ್ನ ಕರೀಬೇಕಿತ್ತು. ಮೂವತ್ತು ವರ್ಷ ಅನುಭವ ಇರೋರಿಗೆ ಇದು ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ."

"ಈಗ ಏನು ಮಾಡ್ಬೇಕು?"

"ಒಡೆದು ನಕ್ಷೆ ಪ್ರಕಾರ ಟ್ರೇ ಹಾಕಿ. ಇಲ್ಲಾಂದ್ರೆ ಯಾಕೆ ಬದಲಾಯಿಸಿದ್ರಿ ಅಂತ ಕಾರಣ ಬರೆದು, ತಿದ್ದಿದ ನಕ್ಷೆ ಕೊಟ್ಟು, ಮತ್ತೆ ಅರ್ಜಿ ಹಾಕಿ. ಎರಡರಲ್ಲಿ ಒಂದು. ನವೆಂಬರ್ ಮೂವತ್ತು ನೆನಪಿದೆ ತಾನೆ?"

ಸೆಮಿಸಿ ಗ್ಯಾರೇಜಿನ ಒಳಗೇ ನಿಂತಿದ್ದ. ಕಾರಣ ಕೇಳಿದ್ದಕ್ಕೆ ಅವನು ಗ್ಲೆನಿಸ್‌ಗೂ ಏನೂ ಹೇಳಿರಲಿಲ್ಲ. ಅವಳ ಕಾರು ಬೀದಿ ತಿರುಗಿದ್ದೇ ತಡ, ಲೋಸಲಿನೆಗೆ ಎಂಟು ತಿಂಗಳ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು.

"ಫಿಪೆ! ನಿಮ್ಮ ಮಾಮನ್ನ ಕೇಳು, ಇದೇನು ಹುಡುಗಾಟಾನಾ ಅಂತ! ಊರಿಗೆಲ್ಲ ಮನೆ ಕಟ್ಟಿಕೊಟ್ಟೋನಿಗೆ ತನ್ನ ಮನೆ ನಕ್ಷೆ ಓದೋಕೆ ಬರಲ್ವಾ? ಚೆಂದ ಕಾಣ್ಲಿ ಅಂತ ಟೈಲ್ಸ್ ಹಾಕಿದ್ನಂತಾ? ಅರಮನೆ ಬೇಕಾಗಿತ್ತಾ?"

ಫಿಪೆ ಇಬ್ಬರ ನಡುವೆ ಹುಲ್ಲಿನ ಮೇಲೆ ನಿಂತಿದ್ದಳು. ಮಾತು ಮುಟ್ಟಿಸುವ ಅಗತ್ಯವೇ ಇರಲಿಲ್ಲ, ಬೀದಿಗೇ ಕೇಳಿಸಿತ್ತು. ಒಳಗಿನಿಂದ ಸೆಮಿಸಿಯ ದನಿ ಬಂತು.

"ತಪ್ಪಾಯ್ತು ಅಂತ ಹೇಳು, ಮಗಾ."

"ತಪ್ಪಾಯ್ತು ಅಂದ್ರೆ ಆಗೋಗತ್ತಾ? ಒಡೀಬೇಕು ಅಂತ ಹೇಳು. ಈ ವಾರಾನೇ. ಒಡೆದು ಟ್ರೇ ಹಾಕ್ಬೇಕು ಅಂತ ಹೇಳು."

"ಅಮ್ಮ, ಕಾರಣ ಬರೆದು ಅರ್ಜಿ ಹಾಕ್ಬಹುದು ಅಂದ್ರಲ್ಲ ಅವ್ರು—"

"ಏನಂತ ಬರೀಲಿ? ನಮ್ಮಣ್ಣಂಗೆ ಹುಚ್ಚು ಹಿಡಿದಿತ್ತು ಅಂತ ಬರೀಲಾ?"

"ಆಗ್ಲಿ," ಎಂದಿತು ಒಳಗಿನ ದನಿ. "ಒಡೀತೀನಿ ಅಂತ ಹೇಳು ನಿಮ್ಮಮ್ಮನವರಿಗೆ."

ತಂಗಿಯ ಮಾತಿಗೆ ಇಲ್ಲ ಅನ್ನುವಂತಿಲ್ಲವಲ್ಲ. ಮಾರನೆಯ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಗ್ಯಾರೇಜಿನಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಹೊಡೆತ, ಬಿಡುವು, ಹೊಡೆತ, ಮತ್ತೆ ಬಹಳ ಹೊತ್ತು ಬಿಡುವು. ಸೋಮಾರಿತನ ಅಂದುಕೊಂಡು ಅವಳು ಬಸ್ಸು ಹತ್ತಿದಳು.

ಮಧ್ಯಾಹ್ನ ಫಿಪೆಯ ಫೋನು ಬಂತು. ಮಾಮ ಬಚ್ಚಲಿನ ನೆಲದ ಮೇಲೆ ಬಿದ್ದಿದ್ದರು, ಮೈ ಕೆಂಡದ ಹಾಗಿತ್ತು, ಟೈಲ್ಸಿನ ಚೂರು ಬಲಪಾದಕ್ಕೆ ಹೊಕ್ಕಿತ್ತು, ಅದು ಚುಚ್ಚಿದ್ದೂ ಅವರಿಗೆ ಗೊತ್ತಾಗಿರಲಿಲ್ಲ. ಆಂಬುಲೆನ್ಸಿನಲ್ಲಿ ಹೋಗುತ್ತಿದ್ದೇವೆ. ಲೋಸಲಿನೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನನ್ನು ಒಳಗೆ ಕರೆದೊಯ್ದಿದ್ದರು. ಸಂಜೆ ಡಾಕ್ಟರು ಬಂದು, ಹಳೆಯ ಗಾಯದ ನಂಜು ಏರಿತ್ತು, ಕಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು, ಜೀವಕ್ಕೆ ಅಪಾಯವಿಲ್ಲ ಎಂದರು.

ಬಚ್ಚಲ ನೆಲದ ಮೇಲಿನ ರಕ್ತವನ್ನು ಯಾರಾದರೂ ತೊಳೆಯಬೇಕಿತ್ತು. ಫಿಪೆಗೆ ನೋಡಿದರೆ ತಲೆ ಸುತ್ತುತ್ತಿತ್ತು. ಮರುದಿನ ಲೋಸಲಿನೆ ಬಕೆಟ್ಟು, ಬ್ರಷ್ಷು ಹಿಡಿದು ಗ್ಯಾರೇಜಿನ ಹೊಸ ಬಾಗಿಲ ಮುಂದೆ ನಿಂತಳು. ಅಣ್ಣ ಈ ಹಿತ್ತಲಿಗೆ ಬಂದು ಆರು ವರ್ಷ. ಅವಳು ಒಳಗೆ ಕಾಲಿಟ್ಟಿರಲಿಲ್ಲ. ತಪ್ಪಾಯ್ತು ಎಂದು ಯಾರಿಗೋ ಹೇಳಿ ಒಳಗೆ ಹೋದಳು.

ಬಚ್ಚಲಿನಲ್ಲಿ ಮಂಡಿಯೂರಿ ಉಜ್ಜಲು ಶುರು ಮಾಡಿದವಳು ನಡುವೆ ನಿಲ್ಲಿಸಿದಳು. ಏನೋ ಪರಿಚಿತವಾಗಿತ್ತು. ಬಾಗಿಲಲ್ಲಿ ಹೊಸಿಲಿಲ್ಲ. ಬಾಗಿಲ ಅಗಲ ನೋಡಿದಳು, ಗಾಲಿಕುರ್ಚಿ ಕೈ ತರಚದೆ ಒಳಗೆ ಬರುವಷ್ಟು. ನೆಲ ಎಲ್ಲೂ ಎಡವದೆ ಮೂಲೆಯ ಮೋರಿಯ ಕಡೆಗೆ ಕಂಡೂ ಕಾಣದಷ್ಟು ಇಳಿಜಾರು. ಗೋಡೆಗೆ ಮಡಚುವ ಪೀಠ ಕೂರಿಸಲು ನಾಲ್ಕು ತೂತು. ಹಿಡಿದುಕೊಳ್ಳಲು ಕಂಬಿಗಳು. ಕಮೋಡಿನ ಪಕ್ಕ ಒಬ್ಬ ಆಯಾ ನಿಲ್ಲುವಷ್ಟು ಜಾಗ. ಹತ್ತೊಂಬತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಅವಳು ಕೆಲಸ ಮಾಡುತ್ತಿದ್ದ ಕೋಣೆ ಇದು. ಇಂಥ ಕೋಣೆಯನ್ನು ಚೆಂದಕ್ಕೆಂದು ಯಾರೂ ಕಟ್ಟುವುದಿಲ್ಲ.

ಅವನಿಗೆ ಮೊದಲೇ ಗೊತ್ತಿತ್ತು. ಕಾಲು ಹೋಗುತ್ತದೆಂದು ಗೊತ್ತಿದ್ದೇ ಕಟ್ಟಿದ್ದ. ಒಂದು ಮೂಲೆಯಲ್ಲಿ ಆರು ಟೈಲ್ಸು ಮಾತ್ರ ಒಡೆದಿದ್ದವು. ಅಷ್ಟನ್ನು ಅವಳ ಮಾತಿಗೆ ಒಡೆದಿದ್ದ.

ಲೋಸಲಿನೆ ಒದ್ದೆ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಆಮೇಲೆ ಬ್ರೆಂಡನ್‌ಗೆ ಫೋನು ಮಾಡಿದಳು.

"ಆವತ್ತು ಅಳತೆ ಮುಗಿಸಿ ಹೊರಟಾಗ ನಿಮ್ಮಣ್ಣ ಗೇಟ್ ಹತ್ರ ನಿಂತಿದ್ರು," ಎಂದ ಬ್ರೆಂಡನ್. "ಬಚ್ಚಲನ್ನ ಸಮತಟ್ಟು ಮಾಡ್ಬಹುದಾ ಅಂತ ಕೇಳಿದ್ರು. ಧಾರಾಳವಾಗಿ ಮಾಡೋಣ, ಮನೆ ಒಡತಿ ನಿಮ್ಮ ತಂಗಿ ಅಲ್ವಾ, ಅವರೊಂದು ಮಾತು ಹೇಳ್ಬೇಕು ಅಂದೆ. ಸರಿ ಬಿಡಿ, ಹೇಳ್ತಾರೆ ಅಂದ್ರು. ನೀವು ಫೋನ್ ಮಾಡ್ಲಿಲ್ಲ, ನಾನು ಮರೆತುಬಿಟ್ಟೆ."

ಹತ್ತು ಹೆಜ್ಜೆ ದೂರದಲ್ಲಿ ತಂಗಿ ಬಟ್ಟೆ ಒಣಗಹಾಕುತ್ತಿದ್ದಳು. ಅಷ್ಟು ದೂರ ಬಂದು ಆ ಒಂದು ಮಾತು ಹೇಳಲು ಅವನಿಗೆ ಆಗಲಿಲ್ಲ. ಆಮೇಲಿನ ಆರು ತಿಂಗಳಲ್ಲಿ ಕೇಳಲು ಇವಳಿಗೂ ಆಗಲಿಲ್ಲ. ಡಾಕ್ಟರು ಮಾರ್ಚ್‌ನಲ್ಲೇ ಅವನಿಗೆ ಎಲ್ಲ ಬಿಡಿಸಿ ಹೇಳಿದ್ದರಂತೆ, ವರ್ಷದೊಳಗೆ ಕಾಲು ತೆಗೆಯಲೇಬೇಕೆಂದು.

"ನನಗಾದ್ರೂ ಹೇಳ್ಬಾರ್ದಿತ್ತಾ ಮಾಮ?" ಎಂದು ಫಿಪೆ ವಾರ್ಡಿನಲ್ಲಿ ಅತ್ತಳು.

"ನಿನ್ನ ಹೊಟ್ಟೇಲಿ ಯಾವ ಮಾತು ನಿಂತಿದೆ ಹೇಳು. ನಿನಗೆ ಹೇಳೋದೂ ಒಂದೇ, ಚರ್ಚಿನ ಮೈಕಲ್ಲಿ ಹೇಳೋದೂ ಒಂದೇ."

ಲೋಸಲಿನೆ ವಾರ್ಡಿನ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಹೊದಿಕೆ ಒಂದು ಕಡೆ ತಗ್ಗಿತ್ತು, ಅದನ್ನು ನೋಡಬಾರದೆಂದು ಗೋಡೆಯ ಗಡಿಯಾರ ನೋಡುತ್ತಿದ್ದಳು. ಆಸ್ಪತ್ರೆಯ ಹೆಂಗಸೊಬ್ಬಳು ಫೈಲು ಹಿಡಿದು ಬಂದು, ಇವರನ್ನು ಎಲ್ಲಿಗೆ ಕಳಿಸುವುದು ಎಂದು ಕೇಳಿದಳು. ಗಾಲಿಕುರ್ಚಿ ಹೋಗುವಂಥ, ಪರವಾನಗಿ ಇರುವ ಮನೆಯೇ ಆಗಬೇಕು. ಇಲ್ಲದಿದ್ದರೆ ವೃದ್ಧಾಶ್ರಮ, ನಿಮ್ಮ ಮನೆಗೆ ಹತ್ತಿರದಲ್ಲೇ ಒಂದು ಹಾಸಿಗೆ ಖಾಲಿ ಇದೆ ಎಂದು ಹೆಸರು ಹೇಳಿದಳು. ಅದು ಲೋಸಲಿನೆ ಕೆಲಸ ಮಾಡುವ ಜಾಗ.

ಸೆಮಿಸಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅಲ್ಲಿ ಅವನಿಗೆ ಸ್ನಾನ ಮಾಡಿಸುವವರು ಯಾರು? ಅವಳ ಜೊತೆಯವರು. ಯಾರಾದರೂ ರಜೆ ಹಾಕಿದ ದಿನ, ಅವಳೇ. ಅದಕ್ಕಿಂತ ವ್ಯಾನೇ ಮೇಲು, ಅದಕ್ಕಿಂತ ಸಾವೇ ಮೇಲು ಎಂದು ಅವನು ಯೋಚಿಸುತ್ತಿದ್ದಾನೆಂಬುದು ಅವಳಿಗೆ ಯಾರೂ ಹೇಳದೆ ಗೊತ್ತಾಯಿತು. ಅವಳೂ ಅದನ್ನೇ ಯೋಚಿಸುತ್ತಿದ್ದಳು.

"ಮನೆ ಇದೆ," ಎಂದಳು ಆ ಹೆಂಗಸಿಗೆ. "ನವೆಂಬರ್ ಮುಗಿಯೋದ್ರೊಳಗೆ ಪರವಾನಗಿ ಬರತ್ತೆ."

ಬ್ರೆಂಡನ್ ಒಂದೇ ದಿನದಲ್ಲಿ ನಕ್ಷೆ ತಿದ್ದಿಕೊಟ್ಟ. ಅರ್ಜಿಯ ಎರಡನೆಯ ಪುಟದಲ್ಲಿ 'ಬದಲಾವಣೆಗೆ ಕಾರಣ, ಮಾಲೀಕರು ಬರೆಯುವುದು' ಎಂದು ನಾಲ್ಕು ಗೆರೆ ಖಾಲಿ ಬಿಟ್ಟಿದ್ದರು. ಲೋಸಲಿನೆ ಅಡುಗೆಮನೆಯ ಮೇಜಿನ ಮುಂದೆ ಪೆನ್ನು ಹಿಡಿದು ಕೂತಳು. ಚಹಾ ಆರಿತು.

"ಕೊಡಮ್ಮ, ನಾನು ಬರೀತೀನಿ," ಎಂದಳು ಫಿಪೆ. "ನನಗೇನೂ ಅಡ್ಡಿ ಇಲ್ವಲ್ಲ. ನೀನು ಕೆಳಗೆ ಸಹಿ ಹಾಕು ಸಾಕು."

"ಬೇಡ."

"ಯಾರು ಬರೆದ್ರೇನು? ಕೌನ್ಸಿಲ್‌ನೋರಿಗೆ ಏನು ಗೊತ್ತಾಗತ್ತೆ?"

"ಇದುವರೆಗೂ ಎಲ್ಲಾ ನಿನ್ನ ಕೈಲೇ ಹೇಳಿಸಿದ್ದಾಯ್ತು. ಹಾಗೆ ಹೇಳಿಸಿ ಹೇಳಿಸೀನೇ ಇಲ್ಲಿಗೆ ಬಂದಿದ್ದು. ನೀನು ಹೋಗಿ ಮಲ್ಕೋ."

ಅವಳು ಬರೆದದ್ದು ಇಷ್ಟು. 'ಇಲ್ಲಿ ಬಾಡಿಗೆಗೆ ಇರುವವರು ನನ್ನ ಅಣ್ಣ. ಅವರಿಗೆ ಬಲಗಾಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಸ್ನಾನ ಮಾಡಬೇಕು. ಇದನ್ನು ನಾನು ಮೊದಲೇ ಕೇಳಬೇಕಾಗಿತ್ತು, ಕೇಳಲಿಲ್ಲ. ತಪ್ಪು ಕಟ್ಟಿದವರದಲ್ಲ, ಮಾಲೀಕಳದು.' ಅಣ್ಣ ಮತ್ತು ಸ್ನಾನ ಎಂಬ ಎರಡು ಮಾತು ಒಂದೇ ಕಡೆ ತನ್ನ ಕೈಬರಹದಲ್ಲಿರುವುದನ್ನು ನೋಡಿ ಅವಳು ಕಾಗದ ಮಡಚಿದಳು. ಮತ್ತೆ ಓದದೆ ಲಕೋಟೆಗೆ ಹಾಕಿದಳು.

ನವೆಂಬರ್ ಇಪ್ಪತ್ತಾರಕ್ಕೆ ಗ್ಲೆನಿಸ್ ಬಂದಳು. ಅರ್ಜಿ ಓದಿಕೊಂಡೇ ಬಂದಿದ್ದಳೆಂದು ಕಾಣುತ್ತದೆ, ಈ ಸಲ ಮಾತು ಮೆತ್ತಗಿತ್ತು. ಒಡೆದ ಮೂಲೆಯಲ್ಲಿ ಬಗ್ಗಿ, ಟಾರ್ಚು ಬಿಟ್ಟು, ಟೈಲ್ಸಿನ ಕೆಳಗಿನ ನೀಲಿ ಪೊರೆಯನ್ನು ಉಗುರಿನಿಂದ ಕೆರೆದಳು.

"ಎರಡು ಪದರ ಬಳಿದಿದಾರೆ. ಮೂಲೆಗೆ ಪಟ್ಟಿ ಕೂಡ ಕೊಟ್ಟಿದಾರೆ. ಒಡೀದೇ ಇದ್ದಿದ್ರೆ ನನಗೆ ಇದು ಕಾಣ್ತಾನೇ ಇರ್ಲಿಲ್ಲ." ಮೋರಿಗೆ ಬಿರಡೆ ಹಾಕಿ ಹಿಂದಿನ ದಿನದಿಂದ ನಿಲ್ಲಿಸಿದ್ದ ನೀರು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅದನ್ನೂ ನೋಡಿ, ಬಿರಡೆ ತೆಗೆದು ಬರೆದುಕೊಂಡಳು. "ಇನ್ನು ಕುರ್ಚಿ ಒಳಗೆ ತಿರುಗತ್ತಾ ಅಂತ ತೋರಿಸಿಬಿಡಿ."

ಆಸ್ಪತ್ರೆಯಿಂದ ತಂದಿದ್ದ ಗಾಲಿಕುರ್ಚಿಯಲ್ಲಿ ಫಿಪೆ ಕೂರಹೋದಳು.

"ಏಳು," ಎಂದಳು ಲೋಸಲಿನೆ. "ನಿನಗೆ ತಿರುಗಿಸೋಕೆ ಬರಲ್ಲ."

ಅವಳು ಕೂತು, ಗಾಲಿ ತಳ್ಳಿಕೊಂಡು ಅಣ್ಣನ ಬಚ್ಚಲಿಗೆ ಹೋದಳು. ಕುರ್ಚಿ ಎಲ್ಲೂ ತಾಕದೆ ಒಂದು ಪೂರ್ತಿ ಸುತ್ತು ತಿರುಗಿತು. ಬಲಗಡೆ ಗೋಡೆಯ ಮೇಲೆ ಕಂಬಿ, ಆರಡಿ ದಾಟಿದ ಸೆಮಿಸಿಯ ಎತ್ತರಕ್ಕೆ ಸರಿಯಾಗಿ. ಅವಳಿಗೆ ಅದು ಮೇಲಾಯಿತು; ಅಲ್ಲಿಗೆ ಬಲಗೈ ಎತ್ತಲು ಅವಳಿಂದ ಆಗುತ್ತಲೂ ಇರಲಿಲ್ಲ. ಮುದುಕರನ್ನು ಎತ್ತಿ ಎತ್ತಿ ಬಲಭುಜ ಕೆಟ್ಟು ಮೂರು ವರ್ಷವಾಗಿತ್ತು. ಕೆಲಸ ಹೋದೀತೆಂದು ಯಾರಿಗೂ ಹೇಳಿರಲಿಲ್ಲ, ಫಿಪೆಗೂ. ಮನೆಯಲ್ಲಿ ಸ್ನಾನದ ತೊಟ್ಟಿಯ ಅಂಚು ದಾಟುವಾಗ ಪ್ರತಿ ದಿನ ದೇವರನ್ನು ನೆನೆಯುತ್ತಿದ್ದಳು.

ಎದ್ದು ನಿಲ್ಲಬೇಕೆಂದು ಎಡಗೈ ಚಾಚಿದಳು. ಕೈಗೆ ಕಂಬಿ ಸಿಕ್ಕಿತು. ಇನ್ನೊಂದು ಕಂಬಿ, ಎಡಗಡೆ, ತಗ್ಗಿನಲ್ಲಿ, ಅವಳ ಮೊಣಕೈಗೆ ಸಮನಾಗಿ. ಅದನ್ನು ಹಿಡಿದಳು, ಎದ್ದಳು, ಒಂದಿಷ್ಟೂ ನೋವಾಗಲಿಲ್ಲ.

"ಇದು ನಕ್ಷೆಯಲ್ಲಿಲ್ವಲ್ಲ," ಎಂದಳು ಗ್ಲೆನಿಸ್. "ಇಷ್ಟು ತಗ್ಗಿಗಿದ್ರೆ ನಿಮ್ಮಣ್ಣನಿಗೆ ಉಪಯೋಗಾನೂ ಇಲ್ಲ. ಯಾರಿಗೆ ಇದು?"

ಲೋಸಲಿನೆ ಬಚ್ಚಲಿ‌ನ ಬಾಗಿಲಿನಿಂದ ಹೊರಗೆ ನೋಡಿದಳು. ಕೋಣೆಯ ಕಿಟಕಿ ಅಲ್ಲಿಂದ ನೇರಕ್ಕೆ ಕಾಣುತ್ತಿತ್ತು. ಕಿಟಕಿಯಾಚೆ ಬಟ್ಟೆಯ ತಂತಿ. ಮೂರು ವರ್ಷದಿಂದ ಎಡಗೈ ಒಂದರಲ್ಲೇ ಚಾದರ ಎತ್ತಿ ಎತ್ತಿ ಹಾಕುತ್ತಿದ್ದದ್ದು ಅಲ್ಲೇ.

"ನನಗೆ," ಎಂದಳು. "ಅದು ನನ್ನದು. ಬರ್ಕೊಳ್ಳಿ."

ಗ್ಲೆನಿಸ್ ಬರೆದುಕೊಂಡು, ಕೆಳಗೆ ಸಹಿ ಹಾಕಿದಳು.

ಸಂಜೆ ಫಿಪೆ ವಾರ್ಡಿನೊಳಗೆ ಹೋಗಿ ಪರವಾನಗಿಯ ಕಾಗದವನ್ನೂ ಅದಕ್ಕೆ ಲಗತ್ತಿಸಿದ್ದ ಅರ್ಜಿಯ ಪ್ರತಿಯನ್ನೂ ಮಾಮನ ಕೈಗೆ ಕೊಟ್ಟಳು. ಅವನು ಕನ್ನಡಕ ಹಾಕಿಕೊಂಡು ಮೊದಲ ಪುಟ ಓದಿದ, ಎರಡನೆಯ ಪುಟದ ಕೈಬರಹದ ಮೇಲೆ ಬಹಳ ಹೊತ್ತು ಕಣ್ಣು ನೆಟ್ಟ. ಕನ್ನಡಕ ತೆಗೆದು ಹೊದಿಕೆಯ ಅಂಚಿನಿಂದ ಮುಖ ಒರೆಸಿಕೊಂಡ. ಲೋಸಲಿನೆ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು.

"ಫಿಪೆ, ನಿಮ್ಮ ಮಾಮಂಗೆ ಹೇಳು. ಎಡಗಡೆ ಕಂಬಿ ಎತ್ತರ ಸರಿಯಾಗಿದೆ."

ಫಿಪೆ ಬಾಯಿ ತೆರೆಯುವಷ್ಟರಲ್ಲಿ ಹಾಸಿಗೆಯಿಂದ ಮಾತು ಬಂತು.

"ಫಿಪೆ, ನಿಮ್ಮಮ್ಮನವರಿಗೆ ಹೇಳು. ಆ ಭುಜಾನ ಡಾಕ್ಟ್ರಿಗೆ ತೋರಿಸ್ಬೇಕು. ಮೂರು ವರ್ಷದಿಂದ ನೋಡ್ತಿದೀನಿ, ನಂಗೆ ಹೇಳೋಕಾಗಿಲ್ಲ."

ಫಿಪೆ ಯಾರಿಗೂ ಏನೂ ಮುಟ್ಟಿಸಲಿಲ್ಲ. ಲೋಸಲಿನೆ ಗಡಿಯಾರದಿಂದ ಕಣ್ಣು ತೆಗೆದು ಹೊದಿಕೆಯ ತಗ್ಗಿದ ಜಾಗವನ್ನು ನೋಡಿದಳು, ಒಳಗೆ ಬಂದಳು, ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತುಕೊಂಡಳು.